ಹದಿನಾಲ್ಕು ತಿಂಗಳು, ಒಂಬತ್ತು ಕಿಲೋ

ನಲವತ್ತು ದಾಟಿದವರು ಆತುರಪಡದೆ ತೂಕ ಇಳಿಸಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಒಪ್ಪಿದೆ. ನಾನು ಮಡಿಕೇರಿಯವಳು, ವಯಸ್ಸು 49. ಹದಿನಾಲ್ಕು ತಿಂಗಳಲ್ಲಿ 78ರಿಂದ 69 ಕಿಲೋಗೆ ಬಂದಿದ್ದೇನೆ. ನಡುವೆ ಮಳೆಗಾಲ ಪೂರ್ತಿ ತಕ್ಕಡಿಯ ಮುಳ್ಳು ಅಲುಗಲಿಲ್ಲ. ನಮ್ಮೂರಿನ ಜುಲೈ ಮಳೆಯಲ್ಲಿ ಕೊಡೆ ಹಿಡಿದು ವಾಕಿಂಗ್ ಹೋಗಿ ನೋಡಿ, ಕಾರಣ ತಿಳಿಯುತ್ತದೆ. ಮಳೆ ಬಿಟ್ಟ ಮೇಲೆ ಮತ್ತೆ ರಾಜಾಸೀಟ್‌ವರೆಗೆ ನಡಿಗೆ. ಅಕ್ಕಿತರಿಯ ಉಂಡೆ ಕಡಂಬುಟ್ಟು ಆರರಿಂದ ಮೂರಕ್ಕೆ ಇಳಿಯಿತು. ಅದರ ಜೊತೆಗಿನ ಹಂದಿಮಾಂಸದ ಪಂದಿಕರಿ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಒಂದು ತಕರಾರಿದೆ. ಲೇಖನದ ತುಂಬ ಕಿಲೋ ಲೆಕ್ಕವೇ. ಭಾರತೀಯ ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು ಎಂಬುದನ್ನೂ ಹೇಳಬೇಕಿತ್ತು. ನನ್ನದು ಇನ್ನೂ 86.

ಕೊಡವ ಸೀರೆಯ ನೆರಿಗೆ ಬೆನ್ನ ಕಡೆ ಇರುತ್ತದೆ. ಹೊಟ್ಟೆಗೆ ಮುಂದೆ ಮರೆಯಿಲ್ಲ. ಅದಕ್ಕೇ ವರ್ಷಗಟ್ಟಲೆ ಮದುವೆಮನೆಗಳಲ್ಲಿ ಶಾಲು ಹೊದ್ದು, ಚಳಿ ಎಂದು ಸುಳ್ಳು ಹೇಳಿ ಮೂಲೆ ಹಿಡಿಯುತ್ತಿದ್ದೆ. ಕಳೆದ ಹುತ್ತರಿ ಸುಗ್ಗಿಹಬ್ಬಕ್ಕೆ ಶಾಲು ಪೆಟ್ಟಿಗೆಯಲ್ಲೇ ಉಳಿಯಿತು. ಭುಜದ ಮೇಲೆ ಸೆರಗಿಗೆ ಪಿನ್ನು ಚುಚ್ಚುತ್ತಾ ನಾದಿನಿ, "ಹೊಟ್ಟೆ ಇನ್ನೂ ಇದೆಯಲ್ಲ ಅತ್ತಿಗೆ" ಎಂದಳು. "ಇದೆ, ಪಿನ್ನು ಸರಿಯಾಗಿ ಹಾಕು" ಎಂದೆ.