ಎಕೋ ರಿಪೋರ್ಟಿಗಲ್ಲ, ಮಗುವಿಗೆ ಚಿಕಿತ್ಸೆ ಕೊಡಿ

ಎಂಟನೇ ತಿಂಗಳಿಗೆ ಹುಟ್ಟಿದ ಮಗು. ತೂಕ ಒಂದೂವರೆ ಕೆಜಿ. ತಾನೇ ಉಸಿರಾಡುತ್ತಿದೆ, ಟ್ಯೂಬಿನಲ್ಲಿ ಕೊಟ್ಟ ತಾಯಿ ಹಾಲು ಅರಗುತ್ತಿದೆ, ಮೂತ್ರ ಚೆನ್ನಾಗಿ ಹೋಗುತ್ತಿದೆ. ಎರಡನೇ ದಿನ ಒಂದು ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸುತ್ತಾರೆ, ರಿಪೋರ್ಟಿನಲ್ಲಿ ಪಿಡಿಎ, ಅಂದರೆ ಹೃದಯದ ಹತ್ತಿರದ ಡಕ್ಟಸ್ ಎಂಬ ಪುಟ್ಟ ರಕ್ತನಾಳ ಇನ್ನೂ ತೆರೆದಿದೆ ಅಂತ ಬರುತ್ತದೆ, ಸಂಜೆಯೊಳಗೆ ಅದನ್ನು ಮುಚ್ಚುವ ಔಷಧಿ ಶುರು. ಇಂಥ ಕೇಸ್ ಶೀಟುಗಳು ನನ್ನ ಕೈಗೆ ಬರುತ್ತಲೇ ಇರುತ್ತವೆ. ನವಜಾತ ಶಿಶುಗಳ ಐಸಿಯುನಲ್ಲಿ ಕೆಲಸ ಮಾಡುವ ವೈದ್ಯೆಯಾಗಿ ನೇರವಾಗಿ ಹೇಳುತ್ತೇನೆ: ಈ ಮಗುವಿಗೆ ಆ ಔಷಧಿ ಬೇಡ. ಇದನ್ನು ವೈದ್ಯರಿಗೆ ಮಾತ್ರ ಹೇಳಿದರೆ ಸಾಲದು. ಅಪ್ಪ ಅಮ್ಮಂದಿರಿಗೂ ಗೊತ್ತಿರಬೇಕು, ಯಾಕೆಂದರೆ ಎಷ್ಟೋ ಸಲ ಔಷಧಿ ಶುರುವಾಗುವುದು ಮನೆಯವರ ಗಾಬರಿ ನೋಡಲಾಗದೆ.

ಮೊದಲು ವಿಷಯ ಏನು ಅಂತ ತಿಳಿದುಕೊಳ್ಳೋಣ. ಹೊಟ್ಟೆಯಲ್ಲಿರುವ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ, ಅದಕ್ಕೆ ಆಮ್ಲಜನಕ ಬರುವುದು ತಾಯಿಯಿಂದ, ಕರುಳಬಳ್ಳಿಯ ಮೂಲಕ. ಹಾಗಾಗಿ ಶ್ವಾಸಕೋಶಕ್ಕೆ ಹೋಗಬೇಕಿದ್ದ ರಕ್ತದ ಬಹುಭಾಗ ಒಂದು ಪುಟ್ಟ ರಕ್ತನಾಳದ ಮೂಲಕ ನೇರವಾಗಿ ದೇಹದ ದೊಡ್ಡ ರಕ್ತನಾಳಕ್ಕೆ ಸೇರುತ್ತದೆ. ಆ ಪುಟ್ಟ ನಾಳವೇ ಡಕ್ಟಸ್. ಇದು ಹೃದಯದ ಗೋಡೆಯಲ್ಲಿರುವ ತೂತು ಅಲ್ಲ, ಹೃದಯದ ಹೊರಗಿರುವ ದಾರಿ. ಎಲ್ಲ ಮಕ್ಕಳಿಗೂ ಇರುತ್ತದೆ, ಇರಲೇಬೇಕು. ಮಗು ಹುಟ್ಟಿ ಅತ್ತ ಮೇಲೆ ರಕ್ತದಲ್ಲಿ ಆಮ್ಲಜನಕ ಏರುತ್ತದೆ, ಈ ದಾರಿಯನ್ನು ತೆರೆದಿಡುವ ಪ್ರೊಸ್ಟಾಗ್ಲಾಂಡಿನ್ ಎಂಬ ಅಂಶ ಕಡಿಮೆಯಾಗುತ್ತದೆ, ನಾಳದ ಸ್ನಾಯು ಬಿಗಿಯುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಎರಡು ಮೂರು ದಿನದೊಳಗೆ ದಾರಿ ಬಂದ್.

ದಿನ ತುಂಬದ ಮಗುವಿನಲ್ಲಿ ಆ ಸ್ನಾಯು ಇನ್ನೂ ಬಲಿತಿರುವುದಿಲ್ಲ, ಡಕ್ಟಸ್ ತೆರೆದೇ ಉಳಿಯುತ್ತದೆ. ಈಗ ರಕ್ತ ಉಲ್ಟಾ ಹರಿಯುತ್ತದೆ, ದೇಹಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಊರಿನ ನಲ್ಲಿ ಪೈಪಿಗೆ ಮಧ್ಯದಲ್ಲಿ ಯಾರೋ ಮೋಟರ್ ಹಚ್ಚಿದರೆ ಅವರ ಅಂಗಳವೆಲ್ಲ ನೀರು, ಕೊನೆ ಮನೆಗೆ ಹನಿಯೂ ಇಲ್ಲ, ಹಾಗೆ. ಶ್ವಾಸಕೋಶಕ್ಕೆ ರಕ್ತ ಜಾಸ್ತಿ, ಕರುಳಿಗೆ, ಕಿಡ್ನಿಗೆ ಕಡಿಮೆ. ದಾರಿ ದೊಡ್ಡದಿದ್ದರೆ ವೆಂಟಿಲೇಟರ್ ಬಿಡಿಸುವುದು ಕಷ್ಟವಾಗುತ್ತದೆ, ಕೆಳಗಿನ ಬಿಪಿ ಇಳಿಯುತ್ತದೆ, ಹಾಲು ಅರಗುವುದಿಲ್ಲ. ಇದು ನಿಜ. ಯಾರೂ ಇದನ್ನು ಅಲ್ಲಗಳೆಯುತ್ತಿಲ್ಲ.

ಹಾಗಾಗಿ ಮುಚ್ಚಿಬಿಡೋಣ ಅನ್ನಿಸುವುದು ಸಹಜ, ಅಲ್ವಾ? ವೈದ್ಯಲೋಕಕ್ಕೂ ಹಾಗೇ ಅನ್ನಿಸಿತು. 1938ರಲ್ಲಿ ಬಾಸ್ಟನ್ನಿನ ಸರ್ಜನ್ ರಾಬರ್ಟ್ ಗ್ರಾಸ್ ಏಳು ವರ್ಷದ ಹುಡುಗಿಯೊಬ್ಬಳ ಡಕ್ಟಸನ್ನು ದಾರ ಕಟ್ಟಿ ಮುಚ್ಚಿದರು. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಇತಿಹಾಸವೇ ಅಲ್ಲಿಂದ ಶುರು ಅನ್ನಬಹುದು. 1976ರಲ್ಲಿ ಇಂಡೊಮೆಥಾಸಿನ್ ಎಂಬ ಔಷಧಿಯಿಂದ ಪುಟ್ಟ ಮಕ್ಕಳ ಡಕ್ಟಸ್ ಮುಚ್ಚಬಹುದು ಅಂತ ಅಮೆರಿಕದ ವೈದ್ಯರು ತೋರಿಸಿದರು. ಆಮೇಲೆ ಕಿಡ್ನಿಗೆ ಸ್ವಲ್ಪ ಹಗುರವಾದ ಐಬುಪ್ರೊಫೇನ್ ಬಂತು. 2011ರಲ್ಲಿ ಜೆರುಸಲೇಮಿನ ವೈದ್ಯರು ಪ್ಯಾರಸಿಟಮಾಲ್ ಕೊಟ್ಟರೂ ಮುಚ್ಚುತ್ತದೆ ಅಂತ ಐದು ಮಕ್ಕಳ ಅನುಭವ ಬರೆದರು. ದಾರಿ ಮುಚ್ಚುವ ಕಲೆ ನಮಗೆ ಚೆನ್ನಾಗಿ ಸಿದ್ಧಿಸಿತು. ಮುಚ್ಚಿದ್ದರಿಂದ ಮಗುವಿಗೆ ಒಳ್ಳೆಯದಾಯಿತಾ ಎಂಬ ಪ್ರಶ್ನೆ ಮಾತ್ರ ಬಹಳ ವರ್ಷ ಹಿಂದೆ ಉಳಿಯಿತು.

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಡಕ್ಟಸ್ ತೆರೆದಿರುವ ಮಕ್ಕಳಲ್ಲಿ ಶ್ವಾಸಕೋಶದ ದೀರ್ಘ ತೊಂದರೆ ಜಾಸ್ತಿ, ಸಾವೂ ಜಾಸ್ತಿ. ಅದನ್ನು ನೋಡಿ ನಾವು ಡಕ್ಟಸ್ಸೇ ಕಾರಣ ಅಂದುಕೊಂಡೆವು. ಆದರೆ ಯಾವ ಮಕ್ಕಳಲ್ಲಿ ಅದು ತೆರೆದಿರುತ್ತದೆ? ಅತಿ ಬೇಗ ಹುಟ್ಟಿದವರಲ್ಲಿ, ಅತಿ ಕಡಿಮೆ ತೂಕದವರಲ್ಲಿ, ಸೋಂಕಿನಿಂದ ಬಳಲುವವರಲ್ಲಿ. ಆ ಮಕ್ಕಳ ಶ್ವಾಸಕೋಶವೂ ಎಳೆಯದು, ಕರುಳೂ ಎಳೆಯದು, ಮಿದುಳಿನ ರಕ್ತನಾಳವೂ ಎಳೆಯದು. ಡಕ್ಟಸ್ ಇಲ್ಲದಿದ್ದರೂ ಆ ತೊಂದರೆಗಳು ಬರಬಹುದಿತ್ತು. ಎರಡೂ ಒಂದೇ ಬೇರಿನಿಂದ ಬಂದಿರಬಹುದು. ಇದನ್ನು ಬಿಡಿಸಿ ನೋಡಲು ಇರುವ ದಾರಿ ಒಂದೇ. ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳಿಗೆ ಔಷಧಿ ಕೊಟ್ಟು, ಇನ್ನರ್ಧ ಮಕ್ಕಳಿಗೆ ಕೊಡದೆ ಹೋಲಿಸಿ ನೋಡಬೇಕು.

ಅದನ್ನೂ ಮಾಡಿದರು. 2001ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ 1 ಕೆಜಿಗಿಂತ ಕಡಿಮೆ ತೂಕದ 1,202 ಮಕ್ಕಳು. ಮುಂಜಾಗ್ರತೆಯಾಗಿ ಇಂಡೊಮೆಥಾಸಿನ್ ಕೊಟ್ಟವರಲ್ಲಿ ಡಕ್ಟಸ್ ತೆರೆದಿರುವುದು ಅರ್ಧಕ್ಕಿಂತ ಕಡಿಮೆಯಾಯಿತು, ಮಿದುಳಿನ ತೀವ್ರ ರಕ್ತಸ್ರಾವವೂ ಇಳಿಯಿತು, ಆದರೆ ಒಂದೂವರೆ ವರ್ಷಕ್ಕೆ ನೋಡಿದರೆ ಅಂಗವೈಕಲ್ಯವಿಲ್ಲದೆ ಬದುಕುಳಿದ ಮಕ್ಕಳ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆಮೇಲೆ 2023ರಲ್ಲಿ ಬೆನೆಡಕ್ಟಸ್ ಅಧ್ಯಯನ ಬಂತು. ನೆದರ್ಲೆಂಡ್ಸ್, ಬೆಲ್ಜಿಯಂ, ಡೆನ್ಮಾರ್ಕ್‌ನಲ್ಲಿ 28 ವಾರಕ್ಕೂ ಮೊದಲೇ ಹುಟ್ಟಿದ 273 ಮಕ್ಕಳು, ಎಲ್ಲರಿಗೂ ಡಕ್ಟಸ್ ದೊಡ್ಡದೇ. ಸಾವು, ಕರುಳಿನ ತೀವ್ರ ತೊಂದರೆ, ಶ್ವಾಸಕೋಶದ ದೀರ್ಘ ತೊಂದರೆ, ಈ ಮೂರರಲ್ಲಿ ಒಂದಾದರೂ ಆದವರು ಬೇಗ ಐಬುಪ್ರೊಫೇನ್ ಕೊಟ್ಟ ಗುಂಪಿನಲ್ಲಿ ಶೇ. 63.5, ಕಾದು ನೋಡಿದ ಗುಂಪಿನಲ್ಲಿ ಶೇ. 46.3. ಮರುವರ್ಷ ಬ್ರಿಟನ್ನಿನ ಬೇಬಿ ಆಸ್ಕರ್. ಅದರಲ್ಲಿ 653 ಮಕ್ಕಳು. ಅಲ್ಲೂ ಬೇಗ ಔಷಧಿ ಕೊಟ್ಟಿದ್ದರಿಂದ ಲಾಭ ಕಾಣಲಿಲ್ಲ.

ಕೊನೆಯ ಎರಡು ಅಧ್ಯಯನಗಳಲ್ಲಿ ಇದ್ದವರೆಲ್ಲ 29 ವಾರಕ್ಕಿಂತ ಮೊದಲೇ ಹುಟ್ಟಿದ, ಅತಿ ಅಪಾಯದಲ್ಲಿರುವ ಮಕ್ಕಳು ಎಂಬುದನ್ನು ಗಮನಿಸಿ. ಅವರಿಗೇ ಬೇಗ ಕೊಟ್ಟು ಉಪಯೋಗ ಆಗಲಿಲ್ಲ ಎಂದರೆ 32 ವಾರದ, ಅಂದರೆ ಎಂಟನೇ ತಿಂಗಳ, ಆರಾಮಾಗಿರುವ ಮಗುವಿಗೆ ಯಾಕೆ ಕೊಡುತ್ತಿದ್ದೇವೆ? ಔಷಧಿ ಕೊಡದೆ ಸುಮ್ನೆ ಗಮನಿಸಿದ ಯುರೋಪಿನ ಇನ್ನೊಂದು ಅಧ್ಯಯನದಲ್ಲಿ, 30 ವಾರ ದಾಟಿದ ಮಕ್ಕಳಲ್ಲಿ ಅರ್ಧದಷ್ಟು ಜನರ ಡಕ್ಟಸ್ 6 ದಿನದೊಳಗೆ ತಾನಾಗಿ ಮುಚ್ಚಿತ್ತು. 26 ವಾರಕ್ಕಿಂತ ಮೊದಲು ಹುಟ್ಟಿದವರಲ್ಲಿ ಅದೇ ಅರ್ಧ ಮುಚ್ಚಲು 71 ದಿನ ಬೇಕಾಯಿತು. ಎರಡೂ ಒಂದೇ ಕಾಯಿಲೆ ಎಂಬಂತೆ ನಡೆದುಕೊಳ್ಳುವುದು ಸರಿಯಲ್ಲ. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದರು, ಜಗತ್ತಿನಲ್ಲೇ ಜಾಸ್ತಿ. ಅವರಲ್ಲಿ ಬಹುಪಾಲು 32 ವಾರ ದಾಟಿದವರೇ.

ಈ ಔಷಧಿಗಳು ನೀರಲ್ಲ. ಐಬುಪ್ರೊಫೇನ್ ಕೊಟ್ಟಾಗ ಮೂತ್ರ ಕಡಿಮೆಯಾಗಬಹುದು, ಕಿಡ್ನಿಯ ಕೆಲಸ ಕುಂದಿದ್ದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಬಹುದು, ಕರುಳಿನಲ್ಲಿ ರಕ್ತಸ್ರಾವ ಆಗಬಹುದು. ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದರೆ ಕೊಡುವಂತೆಯೇ ಇಲ್ಲ. ಪ್ಯಾರಸಿಟಮಾಲ್ ಸೌಮ್ಯ ನಿಜ, ಆದರೆ ಲಿವರ್ ಮೇಲೆ ಕಣ್ಣಿಡಬೇಕು. ಅಂದ ಹಾಗೆ, ಜ್ವರದ ಔಷಧಿಯೇ ತಾನೆ ಅಂತ ಮನೆಯಲ್ಲಿ ಯಾರೂ ಇದನ್ನು ಡಕ್ಟಸ್ಸಿಗಾಗಿ ಹಾಕಬೇಡಿ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ, ಆಸ್ಪತ್ರೆಯಲ್ಲಿ, ಆರು ಗಂಟೆಗೊಮ್ಮೆ ಕೊಡುವ ಚಿಕಿತ್ಸೆ ಅದು.

ಈಗ ಇನ್ನೊಂದು ಬದಿ ಹೇಳದಿದ್ದರೆ ತಪ್ಪಾಗುತ್ತದೆ. ಕಾಯುವುದು ಎಂದರೆ ಬಿಟ್ಟುಬಿಡುವುದಲ್ಲ. ಆ ಅಧ್ಯಯನಗಳು ನಡೆದ ಘಟಕಗಳಲ್ಲಿ ಬೇಕೆಂದಾಗ ಎಕೋ ಆಗುತ್ತದೆ, ನರ್ಸ್‌ಗಳು ಸಾಕಷ್ಟು ಇರುತ್ತಾರೆ. ನಮ್ಮ ಎಷ್ಟೋ ಜಿಲ್ಲಾ ಕೇಂದ್ರಗಳಲ್ಲಿ ಒಬ್ಬ ಸಿಸ್ಟರ್ ಒಂದೇ ಪಾಳಿಯಲ್ಲಿ ಆರೇಳು ಮಕ್ಕಳನ್ನು ನೋಡಿಕೊಳ್ಳಬೇಕು. ಅಲ್ಲಿ "ಕಾಯ್ತಾ ಇದೀವಿ" ಎಂಬ ಮಾತು ಯಾರೂ ನೋಡುತ್ತಿಲ್ಲ ಎಂಬುದಕ್ಕೆ ಹೊದಿಕೆ ಆಗಬಾರದು. ಕಾಯುವವರು ಮೂತ್ರ ಅಳೆಯಬೇಕು, ಬಿಪಿಯ ಕೆಳಗಿನ ಅಂಕಿ ಬರೆಯಬೇಕು, ಆಮ್ಲಜನಕ ನಿನ್ನೆಗಿಂತ ಜಾಸ್ತಿ ಬೇಕಾಗುತ್ತಿದೆಯಾ ನೋಡಬೇಕು, ಹೊಟ್ಟೆ ಉಬ್ಬಿದೆಯಾ ಮುಟ್ಟಿ ನೋಡಬೇಕು. 25 ವಾರದ ಮಗು ಎರಡು ವಾರವಾದರೂ ವೆಂಟಿಲೇಟರ್ ಬಿಡುತ್ತಿಲ್ಲ, ಡಕ್ಟಸ್ ದೊಡ್ಡದಿದೆ, ಹೃದಯದ ಎಡಭಾಗ ಹಿಗ್ಗುತ್ತಿದೆ ಎಂದರೆ ನಾನೂ ಔಷಧಿ ಕೊಡುತ್ತೇನೆ, ಹಿಂದೆಮುಂದೆ ನೋಡುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ತೊಡೆಯ ರಕ್ತನಾಳದಿಂದ ಸಾಗಿಸಿ ಕೂರಿಸುವ ಬಟಾಣಿ ಗಾತ್ರದ ಸಾಧನ ಇದೆ. ಅಮೆರಿಕದಲ್ಲಿ 2019ರಲ್ಲೇ 700 ಗ್ರಾಂ ತೂಕದ ಮಗುವಿಗೂ ಅನುಮತಿ ಸಿಕ್ಕಿದೆ. ದುಬಾರಿ, ನುರಿತ ಕೈ ಬೇಕು. ಎದೆ ತೆರೆದು ಕಟ್ಟುವ ಆಪರೇಷನ್ ಕೊನೆಯ ದಾರಿ, ಅದರಲ್ಲಿ ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗುವ ಅಪಾಯ ಇದೆ.

ಒಂದೂವರೆ ಕೆಜಿಯ ಆ ಮಗುವಿಗೆ ಬೇಕಾದದ್ದು ಬೇರೆ. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಇತ್ತು. 1ರಿಂದ 1.8 ಕೆಜಿ ತೂಕದ ಮಕ್ಕಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಅಪ್ಪಿಸಿ ಇಟ್ಟಾಗ 28 ದಿನದೊಳಗಿನ ಸಾವು ಶೇ. 12, ಮಗು ಸ್ಥಿರವಾಗುವ ತನಕ ಕಾದು ಆಮೇಲೆ ಅಪ್ಪಿಸಿದ ಗುಂಪಿನಲ್ಲಿ ಶೇ. 15.7. ಇಷ್ಟು ಫಲ ಕೊಡುವ ಕಾಂಗರೂ ಆರೈಕೆಗೆ ತಾಯಿಗೊಂದು ಕುರ್ಚಿ ಹಾಕಲು ಜಾಗವಿಲ್ಲ ಅನ್ನುತ್ತೇವೆ, ಬೇಡದ ಔಷಧಿಗೆ ಮಾತ್ರ ಸಿರಿಂಜ್ ಪಂಪ್ ಸಿಗುತ್ತದೆ. ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಇಲ್ಲೇ.

ಮನೆಯವರ ಗಾಬರಿ ನನಗೆ ಅರ್ಥವಾಗುತ್ತದೆ. ಬಾಗಿಲಲ್ಲಿ ನಿಂತ ಅಜ್ಜಿ "ಏನಾದ್ರೂ ಮಾಡ್ರೀ ಡಾಕ್ಟ್ರೇ, ಹಂಗ ಬಿಡಬ್ಯಾಡ್ರಿ" ಅಂದಾಗ ಏನೂ ಮಾಡದಿರುವುದು ಯಾವ ವೈದ್ಯರಿಗೂ ಸುಲಭವಲ್ಲ. ಆದರೆ ಅದಕ್ಕೆ ಉತ್ತರ ಔಷಧಿ ಅಲ್ಲ, ಮಾತು. ಅಜ್ಜಿಯನ್ನು ಕೂರಿಸಿ ಐದು ನಿಮಿಷ ಹೇಳಬೇಕು: ದಾರಿ ತೆರೆದಿದೆ, ಇದು ಮುಚ್ಚುವ ಸಾಧ್ಯತೆ ಜಾಸ್ತಿ, ನಾವು ಇಂಥಿಂಥದ್ದು ನೋಡುತ್ತಿದ್ದೇವೆ, ಹೀಗಾದರೆ ಔಷಧಿ ಕೊಡುತ್ತೇವೆ. ನಾಳೆ ಮತ್ತೆ ಹೇಳಬೇಕು. ಮನೆಯವರೂ ಕೇಳಿ, ಕೇಳಲು ಹಿಂಜರಿಯಬೇಡಿ. ಔಷಧಿ ಯಾಕೆ ಕೊಡುತ್ತಿಲ್ಲ ಅಂತ ಕೇಳುವಷ್ಟೇ ಧೈರ್ಯವಾಗಿ, ಯಾಕೆ ಕೊಡುತ್ತಿದ್ದೀರಿ ಅಂತಲೂ ಕೇಳಿ.

ಮನೆಗೆ ಹೋಗುವಾಗ ಡಕ್ಟಸ್ ಇನ್ನೂ ತೆರೆದಿದ್ದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಅದನ್ನು ಬರೆಸಿಕೊಳ್ಳಿ, ಮುಂದಿನ ಎಕೋ ತಾರೀಖನ್ನೂ ಬರೆಸಿಕೊಳ್ಳಿ. ಮಗು ಹಾಲು ಕುಡಿಯುವಾಗ ಬೆವರಿದರೆ, ಏದುಸಿರು ಬಿಟ್ಟರೆ, ತೂಕ ಏರದಿದ್ದರೆ ಆ ತಾರೀಖಿಗೆ ಕಾಯಬೇಡಿ, ಅವತ್ತೇ ಬನ್ನಿ. ದುಡ್ಡಿನ ತೊಂದರೆ ಇದ್ದವರು ಆಶಾ ಕಾರ್ಯಕರ್ತೆಯ ಹತ್ತಿರ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆ ತಂಡದ ಬಗ್ಗೆ ಕೇಳಿ, ಮಕ್ಕಳ ಹುಟ್ಟು ಹೃದಯ ತೊಂದರೆಗಳು ಆ ಯೋಜನೆಯಲ್ಲಿ ಸೇರಿವೆ.