'ಪಾವತಿ ಬಾಕಿ ಇದೆ' ಅಂದರೆ ಇನ್ನೊಂದು ಸಲ ಕಟ್ಟಬೇಕಾ?

ಹೋದ ವಾರ ಹಾಸನದ ಹತ್ತಿರದ ನಮ್ಮೂರಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಹಸುವಿಗೆ ಬೂಸ ತರಿಸಿದ್ದಾರೆ, 1,800 ರೂಪಾಯಿ. ದುಡ್ಡನ್ನು ಅಂಗಡಿಯವರ ನಂಬರಿಗೆ ಫೋನಿನಿಂದಲೇ ಹಾಕಿದ್ದಾರೆ. ಖಾತೆಯಿಂದ ಕಟ್ ಆಗಿದೆ ಅಂತ ಬ್ಯಾಂಕಿನ ಮೆಸೇಜ್ ಬಂದಿದೆ, ಅಂಗಡಿಯವರು ಮಾತ್ರ ನಮಗೆ ಬಂದಿಲ್ಲ ಅನ್ನುತ್ತಿದ್ದಾರೆ. ಆಪ್ ತೆರೆದರೆ ಹಳದಿ ಬಣ್ಣದಲ್ಲಿ 'ಪಾವತಿ ಬಾಕಿ ಇದೆ' ಅಂತ ಕಾಣಿಸುತ್ತಿದೆ.

"ಬಾಕಿ ಅಂತ ತೋರಿಸ್ತಿದೆ ಕಣೇ ಪುಟ್ಟಿ, ಇನ್ನೊಂದ್ಸಲ ಕಟ್ಬೇಕೇನೋ" ಅಂದರು.

ನನಗೆ ಒಂದು ಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ. ಯಾಕೆಂದರೆ ಅವರು ಓದಿಕೊಂಡದ್ದು ಸರಿಯಾಗಿಯೇ ಇದೆ. ಅಂಗಡಿ ಲೆಕ್ಕದಲ್ಲಿ, ಸಂಘದ ಪುಸ್ತಕದಲ್ಲಿ, ಕರೆಂಟ್ ಬಿಲ್ಲಿನಲ್ಲಿ, ಎಲ್ಲಿ ನೋಡಿದರೂ ಬಾಕಿ ಅಂದರೆ ನಾವು ಕೊಡಬೇಕಾದದ್ದು ಇನ್ನೂ ಉಳಿದಿದೆ ಅಂತಲೇ ಅರ್ಥ. ಆ ಸಾಲು ಬರೆದವರ ತಲೆಯಲ್ಲಿ ಇದ್ದದ್ದು 'ಪೆಂಡಿಂಗ್'. 'ದುಡ್ಡು ಇನ್ನೂ ದಾರಿಯಲ್ಲಿದೆ, ಮತ್ತೆ ಕಳಿಸಬೇಡಿ' ಅಂತ ಬರೆದಿದ್ದರೆ ಸಾಕಿತ್ತು. ಅಷ್ಟು ಜಾಗ ಆ ಪರದೆಯಲ್ಲಿ ಖಂಡಿತ ಇತ್ತು.

ನಾನು 12 ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ಗಳಿಗೆ ಹೆಲ್ಪ್ ಪುಟ ಬರೆಯುವ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಇದನ್ನು ಬರೆಯದೆ ಇರಲು ಆಗುತ್ತಿಲ್ಲ.

ದೊಡ್ಡಮ್ಮ ನನಗೆ ಫೋನ್ ಮಾಡುವ ಮುಂಚೆ ಸುಮ್ಮನೆ ಕೂತಿರಲಿಲ್ಲ. ಆಪ್‌ನ 'ಸಹಾಯ' ಒತ್ತಿ, ಮೈಕ್ ಒತ್ತಿ, "ದುಡ್ಡು ಕಟ್ಟಾಗಿದೆ ಅವ್ರಿಗೆ ಹೋಗಿಲ್ಲ" ಅಂತ ಹೇಳಿದ್ದಾರೆ. 'ಯಾವುದೇ ಫಲಿತಾಂಶಗಳು ಕಂಡುಬಂದಿಲ್ಲ' ಅಂತ ಬಂತಂತೆ. ಆಮೇಲೆ ನಾನೂ ಅದೇ ಆಪ್‌ನಲ್ಲಿ ಹುಡುಕಿದೆ. ಉತ್ತರ ಅಲ್ಲೇ ಇತ್ತು! 'ವಿಫಲ ವಹಿವಾಟುಗಳು ಮತ್ತು ಮರುಪಾವತಿ' ಅನ್ನುವ ತಲೆಬರಹದ ಕೆಳಗೆ, ಐದನೇ ಪ್ಯಾರಾದಲ್ಲಿ. ಯಾರು ತಾನೇ ಅಲ್ಲಿಗೆ ಹೋಗುತ್ತಾರೆ? ದುಡ್ಡು ಹೋದ ಗಾಬರಿಯಲ್ಲಿ ಇರುವವರು ಯಾರಾದರೂ 'ವಹಿವಾಟು ವಿಫಲವಾಗಿದೆ' ಅಂತ ಬಾಯಿಬಿಟ್ಟು ಹೇಳುವುದನ್ನು ನೀವು ಕೇಳಿದ್ದೀರಾ?

ಈ ತೊಂದರೆ ಹೊಸದೇನೂ ಅಲ್ಲ. ಅಮೆರಿಕದಲ್ಲಿ ಜಾರ್ಜ್ ಫರ್ನಾಸ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 1987ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಒಂದೇ ವಸ್ತುವಿಗೆ ಅಥವಾ ಕೆಲಸಕ್ಕೆ ಇಬ್ಬರ ಬಾಯಲ್ಲಿ ತಾನಾಗಿ ಒಂದೇ ಪದ ಬರುವ ಸಾಧ್ಯತೆ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ. ಅಂದರೆ ನಾನು ಕೂತು ಎಷ್ಟು ಚೆನ್ನಾಗಿ ಯೋಚಿಸಿ ಒಂದು ತಲೆಬರಹ ಕೊಟ್ಟರೂ ಹುಡುಕುವವರಲ್ಲಿ ಹೆಚ್ಚಿನವರ ಪದ ಬೇರೆಯೇ ಆಗಿರುತ್ತದೆ. ಫರ್ನಾಸ್ ತಂಡ ಸೂಚಿಸಿದ ದಾರಿಯೂ ಸರಳ. ಒಂದು ವಿಷಯಕ್ಕೆ ಜನ ಬಳಸುವ ಪದಗಳನ್ನೆಲ್ಲ ಸೇರಿಸಿ, ಯಾವುದರಿಂದ ಹುಡುಕಿದರೂ ಸಿಗುವ ಹಾಗೆ ಮಾಡಿ ಅಂತ. ಇಂಗ್ಲಿಷ್ ಮಾತಾಡುವವರ ಕಥೆಯೇ ಹೀಗಿದ್ದರೆ, ಕಟ್ಟಾಯ್ತು, ಹೋಯ್ತು, ಮುರ್ಕೊಂಡ್ರು, ಡೆಬಿಟ್ ಆಯ್ತು ಅಂತ ನಾಲ್ಕು ಮನೆಯಲ್ಲಿ ನಾಲ್ಕು ಥರ ಹೇಳುವ ನಮಗೆ ಅದು ಇನ್ನೂ ಜಾಸ್ತಿ ಬೇಕು ಅಲ್ವಾ?

ಕನ್ನಡದಲ್ಲಿ ಹೆಲ್ಪ್ ಇದೆ ಅಂತ ಎಲ್ಲರೂ ಹೇಳಿಕೊಳ್ಳುತ್ತಾರೆ. ಇಂಗ್ಲಿಷ್ ಪುಟ ಮುಗಿದ ಮೇಲೆ ಅನುವಾದಕ್ಕೆ ಕಳಿಸುತ್ತಾರೆ. ಅನುವಾದ ಮಾಡುವವರಿಗೆ ಎಷ್ಟೋ ಸಲ ಪರದೆಯನ್ನೇ ತೋರಿಸುವುದಿಲ್ಲ, ಪದಗಳ ಪಟ್ಟಿ ಮಾತ್ರ ಕೊಡುತ್ತಾರೆ. ಪಟ್ಟಿಯಲ್ಲಿ 'ಪೆಂಡಿಂಗ್' ಒಂದೇ ಇದ್ದರೆ ಅವರು 'ಬಾಕಿ' ಅನ್ನದೆ ಇನ್ನೇನು ಅನ್ನಬೇಕು? ತಪ್ಪು ಅವರದ್ದಲ್ಲ.

ನನಗೆ ನಿಜವಾಗಿ ಭಯವಾದದ್ದು ಆಮೇಲಿನ ಮಾತಿಗೆ. "ನೆಟ್ಟಲ್ಲಿ ಕಸ್ಟಮರ್ ಕೇರ್ ನಂಬರ್ ಸಿಕ್ಕಿದೆ, ಮಾಡ್ಲಾ?" ಅಂದರು. ಬೇಡ ದೊಡ್ಡಮ್ಮ, ಮಾಡಬೇಡಿ ಅಂತ ಕೂಗಿದೆ. ಹೀಗೆ ನೆಟ್‌ನಲ್ಲಿ ನಕಲಿ ಸಹಾಯವಾಣಿ ನಂಬರ್ ಹಾಕಿಕೊಂಡು ಕಾಯುವವರು ಇದ್ದಾರೆ. ತುಂಬಾ ನಯವಾಗಿ ಮಾತಾಡುತ್ತಾರೆ. ಒಂದು ಆಪ್ ಹಾಕಿಸಿ ನಮ್ಮ ಪರದೆಯನ್ನು ತಾವು ನೋಡುತ್ತಾರೆ, ದುಡ್ಡು ವಾಪಸ್ ಬರಬೇಕಾದರೆ ಪಿನ್ ಒತ್ತಿ ಅನ್ನುತ್ತಾರೆ. ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಕಾಗಿಲ್ಲ, ಕಳಿಸೋಕೆ ಬೇಕು. ಇದು ನನಗೆ ಗೊತ್ತು, ನಿಮಗೆ ಗೊತ್ತು. ಗಾಬರಿಯಲ್ಲಿರುವವರಿಗೆ ಆ ಹೊತ್ತಿನಲ್ಲಿ ನೆನಪಾಗಬೇಕಲ್ಲ! (ಹಾಗೆ ಮೋಸ ಹೋದರೆ ತಡಮಾಡದೆ ಸೈಬರ್ ಮೋಸದ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯವರಿಗೂ ಹೇಳಿಡಿ.) ಆಪ್‌ನೊಳಗೆ ಸಹಾಯ ಸಿಗದೆ ಹೋದಾಗಲೇ ಜನ ಹೊರಗೆ ನಂಬರ್ ಹುಡುಕುವುದು. ಹಾಗಾಗಿ ಹೆಲ್ಪ್ ಪುಟವನ್ನು ಕೊನೆಯಲ್ಲಿ ಟೈಮ್ ಉಳಿದರೆ ನೋಡೋಣ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ದೊಡ್ಡಮ್ಮನಿಗೆ ಬೇಕಾಗಿದ್ದ ಉತ್ತರವಾದರೂ ಎಷ್ಟು ದೊಡ್ಡದು? ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಯುಪಿಐನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ದುಡ್ಡು ನಮ್ಮ ಖಾತೆಯಿಂದ ಕಟ್ ಆಗಿ ಅವರ ಖಾತೆಗೆ ಸೇರದಿದ್ದರೆ, ಮಾರನೇ ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಯ ಪೇಮೆಂಟ್ ಆಗಿದ್ದರೆ ಐದು ದಿನದೊಳಗೆ. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇಷ್ಟನ್ನು ಆ ಹಳದಿ ಅಕ್ಷರದ ಕೆಳಗೇ, ಇಂಥ ತಾರೀಖಿನ ತನಕ ಕಾಯಿರಿ ಅಂತ ತಾರೀಖು ಹಾಕಿ ಬರೆದರೆ, ಅವರು 'ಸಹಾಯ' ಬಟನ್ ಹುಡುಕುವ ಅಗತ್ಯವೇ ಬರುತ್ತಿರಲಿಲ್ಲ. ಸಿಕ್ಕಿಕೊಂಡ ಜಾಗದಲ್ಲೇ ಉತ್ತರ ಇರಬೇಕು. ಅಂದ ಹಾಗೆ ಆ 1,800 ರೂಪಾಯಿ ಮಾರನೇ ದಿನ ಬೆಳಗ್ಗೆ ವಾಪಸ್ ಬಂತು.

ಐಬಿಎಂನಲ್ಲಿ ಜಾನ್ ಕ್ಯಾರಲ್ ಅನ್ನುವವರು 1980ರ ದಶಕದಲ್ಲಿ ಹೊಸದಾಗಿ ಕಂಪ್ಯೂಟರ್ ಕಲಿಯುವವರ ಪಕ್ಕದಲ್ಲಿ ಕೂತು ನೋಡಿದರು. ಯಾರೂ ಕೈಪಿಡಿಯನ್ನು ಮೊದಲ ಪುಟದಿಂದ ಓದುವುದಿಲ್ಲ. ತಮ್ಮ ಕೆಲಸ ಶುರು ಮಾಡಿಬಿಡುತ್ತಾರೆ, ಸಿಕ್ಕಿಕೊಂಡ ಮೇಲೆ ಹುಡುಕುತ್ತಾರೆ. ಅದಕ್ಕೆ ಅವರ ತಂಡ ಕೈಪಿಡಿಯನ್ನು ಅರ್ಧಕ್ಕಿಂತ ಚಿಕ್ಕದು ಮಾಡಿತು. ಪೀಠಿಕೆ ತೆಗೆದು, ತಪ್ಪಾದರೆ ಹೇಗೆ ಸರಿಮಾಡಿಕೊಳ್ಳಬೇಕು ಅನ್ನುವುದಕ್ಕೆ ಜಾಗ ಕೊಟ್ಟಿತು. ಜನ ಬೇಗ ಕಲಿತರು. ನಾನು ಕೆಲಸಕ್ಕೆ ಸೇರಿದ ವರ್ಷ ಇದನ್ನು ಓದಿದ್ದೆ, ಆದರೆ ಮನಸ್ಸಿಗೆ ಇಳಿದದ್ದು ದೊಡ್ಡಮ್ಮನ ಹಾಲಿನ ಲೆಕ್ಕದ ಪುಸ್ತಕ ನೋಡಿದ ಮೇಲೆ. ಡೈರಿಗೆ ಹಾಕಿದ ಲೀಟರ್ ಬರೆಯುವ ಪುಸ್ತಕ ಅದು. ಕೊನೇ ಹಾಳೆಯಲ್ಲಿ ಅವರೇ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಾರೆ:

"ಹಸಿರು ಬಂದ್ರೆ ಹೋಯ್ತು. ಕೆಂಪು ಬಂದ್ರೆ ಹೋಗಿಲ್ಲ. ಹಳದಿ ಬಂದ್ರೆ ಮುಟ್ಟಬಾರದು, ನಾಳೆ ನೋಡೋದು. ಯಾರಿಗೂ ನಾಲ್ಕು ನಂಬರ್ ಹೇಳಬಾರದು."

ಮೂರನೇ ಸಾಲು ಮೊನ್ನೆ ಸೇರಿಸಿದ್ದು. ಆ ಅಕ್ಷರ ಮಾತ್ರ ಇನ್ನೂ ಕಪ್ಪಗಿದೆ, ಎರಡು ಸಾಲಿನ ನಡುವೆ ಒತ್ತಿಕೊಂಡು ಕೂತಿದೆ. ನಾನು ಫೋಟೋ ತೆಗೆದುಕೊಂಡು ಬಂದು ಆಫೀಸಿನಲ್ಲಿ ನನ್ನ ಮೇಜಿನ ಎದುರು ಅಂಟಿಸಿದ್ದೇನೆ.

ಈಗ ಎಲ್ಲದಕ್ಕೂ ಚಾಟ್‌ಬಾಟ್ ಹಾಕಿದರೆ ಆಯ್ತು ಅನ್ನುತ್ತಿದ್ದಾರೆ. ಮೈಕ್ರೋಸಾಫ್ಟ್ ಆಫೀಸ್ 97ರಲ್ಲಿ ಒಂದು ಪೇಪರ್ ಕ್ಲಿಪ್ ಗೊಂಬೆ ಬಂದು, ಪತ್ರ ಬರೀತಾ ಇದ್ದೀರಾ, ಸಹಾಯ ಬೇಕಾ ಅಂತ ಕೇಳುತ್ತಿತ್ತು, ನೆನಪಿದೆಯಾ? ಕೇಳದೆ ಇದ್ದಾಗ ಬರುತ್ತಿತ್ತು, ಬೇಡ ಅಂದರೂ ಬರುತ್ತಿತ್ತು. ಜನ ರೇಗಿದರು, 2007ರ ಆವೃತ್ತಿಯಲ್ಲಿ ಅದನ್ನು ತೆಗೆದೇಬಿಟ್ಟರು. ಬಾಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಬಾಯಲ್ಲಿ ಹೇಳಿದ್ದು ಅರ್ಥವಾದರೆ ಓದು ಬಾರದವರಿಗೂ ಎಷ್ಟು ಅನುಕೂಲ! ಆದರೆ ಅದರ ಹಿಂದೆ ಇರುವುದು ಅದೇ 'ವಿಫಲ ವಹಿವಾಟು' ಪುಟವಾದರೆ, ದೊಡ್ಡಮ್ಮ ಮತ್ತೆ ನನಗೇ ಫೋನ್ ಮಾಡಬೇಕಾಗುತ್ತದೆ. ಫೋನ್ ಮಾಡೋಕೆ ಯಾರೂ ಇಲ್ಲದವರು ಏನು ಮಾಡಬೇಕು?

ಹಾಗಾಗಿ ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮ ಅಮ್ಮ, ಅತ್ತೆ, ತಾತ ಫೋನ್ ಸಿಕ್ಕಿಕೊಂಡಾಗ ನಿಮಗೆ ಹೇಗೆ ಹೇಳುತ್ತಾರೋ ಅದನ್ನು ಹಾಗೇ ಕೆಳಗೆ ಬರೆಯಿರಿ. ತಿದ್ದಬೇಡಿ, ಗ್ರಂಥದ ಕನ್ನಡ ಮಾಡಬೇಡಿ, ಯಾವ ಊರು ಅಂತಲೂ ಹಾಕಿ. ಹಾಸನದ ಕಡೆ ಹೇಳುವುದಕ್ಕೂ ಬೀದರ್ ಕಡೆ ಹೇಳುವುದಕ್ಕೂ ವ್ಯತ್ಯಾಸ ಇರುತ್ತದೆ, ನನಗೆ ಎರಡೂ ಬೇಕು. ಸೋಮವಾರ ಒಂದು ಹೊಸ ಹೆಲ್ಪ್ ಪುಟ ಶುರು ಮಾಡುತ್ತಿದ್ದೇನೆ, ಇಂಗ್ಲಿಷಿಗೂ ಮುಂಚೆ ಕನ್ನಡದಲ್ಲೇ ಬರೆಯೋಕೆ ಟೀಮಿನಲ್ಲಿ ಒಪ್ಪಿಸಿದ್ದೇನೆ. ಮೊದಲನೆಯದು ನಮ್ಮ ಮನೆಯದೇ ಇರಲಿ: "ರೌಂಡ್ ಸುತ್ತುತ್ತಾನೇ ಇದೆ ಪುಟ್ಟಿ, ನಿಲ್ತಾನೇ ಇಲ್ಲ."