ಹಾಡೋರ ಮೈಕು ಯಾರದ್ದಾಗಿರ್ಬೇಕು?

ಇಲ್ಲಿ ಶಿಕಾಗೋ ಕಡೆ ಬಾರ್‌ಗಳಲ್ಲಿ, ಬೇಸಿಗೆಯ ಬೀದಿ ಉತ್ಸವಗಳಲ್ಲಿ ಹಾಡೋ ಬ್ಯಾಂಡ್‌ನೋರನ್ನ ಸ್ವಲ್ಪ ಗಮನಿಸಿ ನೋಡಿ. ಗಿಟಾರ್ ನುಡಿಸೋನು ಗಿಟಾರ್ ತಂದಂಗೆ ಹಾಡೋರಲ್ಲೂ ಬಹಳ ಜನ ತಮ್ಮ ಮೈಕ್ ತಂದಿರ್ತಾರೆ. ಒಂದು ಕಪ್ಪು ಜಿಪ್ ಪೌಚು, ಅದ್ರಲ್ಲಿ ಮೈಕು, ಕೆಲವರ ಹತ್ರ ಒಂದು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲ್ಲೂ ಇರುತ್ತೆ. ಸೌಂಡ್ ನೋಡ್ಕೊಳ್ಳೋನಿಗೆ ನಾನು ನಂದೇ ಹಾಕ್ಕೋತೀನಿ ಅಂತ ಹೇಳ್ತಾರೆ, ಅವನು ಸ್ಟ್ಯಾಂಡಲ್ಲಿರೋದನ್ನ ತೆಗೆದು ಪಕ್ಕಕ್ಕಿಡ್ತಾನೆ, ಅಷ್ಟೇ, ಯಾರಿಗೂ ಬೇಜಾರಿಲ್ಲ.

ನಮ್ಮ ಕಡೆ ಗಣೇಶನ ಪೆಂಡಾಲು, ನವೆಂಬರ್ ತಿಂಗಳ ರಾಜ್ಯೋತ್ಸವದ ರಸಮಂಜರಿ, ಆರತಕ್ಷತೆಯ ಆರ್ಕೆಸ್ಟ್ರಾ, ಎಲ್ಲೇ ತಗೊಳ್ಳಿ, ಕೀಬೋರ್ಡು ಅವರದ್ದು, ರಿದಂ ಪ್ಯಾಡು ಅವರದ್ದು, ತಬಲಾದೋರು ಸುತ್ತಿಗೆ ಸಮೇತ ಬರ್ತಾರೆ, ಹಾಡೋರು ಮಾತ್ರ ಕೈ ಬೀಸ್ಕೊಂಡು ಬರ್ತಾರೆ. ಮೈಕು ಮೈಕ್ ಸೆಟ್ಟಿನೋರದ್ದು. ಅದು ಯಾವ ಕಂಪನಿದು, ಎಷ್ಟು ವರ್ಷದ್ದು, ಎಷ್ಟು ಸಲ ಕೆಳಗೆ ಬಿದ್ದಿದೆ, ಅದ್ಯಾವುದೂ ಹಾಡೋರಿಗೆ ಗೊತ್ತಿರಲ್ಲ, ಕೇಳೋ ಅಭ್ಯಾಸನೂ ಇಲ್ಲ. ಮೃದಂಗದೋರು ಇನ್ನೊಬ್ಬರ ಮೃದಂಗ ತಗೊಂಡು ಕಚೇರಿಗೆ ಕೂತ್ಕೋತಾರಾ? ಬ್ಯಾಂಡಿನ ಮಧ್ಯೆ ಹಾಡೋನ ದನಿ ಜನರ ಕಿವಿಗೆ ಹೋಗೋದೇ ಮೈಕ್ ಮೂಲಕ, ಅದನ್ನೇ ಬೇರೆಯವರಿಗೆ ಬಿಟ್ಟುಬಿಟ್ಟಿದ್ದೀವಲ್ಲ ಅನ್ನೋದು ನನಗೆ ಇತ್ತೀಚೆಗೆ ತುಂಬಾ ಕಾಡ್ತಿರೋ ವಿಷಯ. ಬ್ಯಾಂಡ್ ಜೊತೆ ಹಾಡೋ ಕನ್ನಡದೋರು, ಹಾಸನದಲ್ಲಿದ್ರೂ ಸರಿ ಇಲ್ಲಿ ನೇಪರ್‌ವಿಲ್‌ನಲ್ಲಿದ್ರೂ ಸರಿ, ಸ್ವಂತ ಮೈಕ್ ಒಂದು ಇಟ್ಕೋಬೇಕು, ಅದನ್ನ ಬೆಲೆ ನೋಡಿ ತಗೊಳ್ಳೋ ಬದಲು ತಮ್ಮ ಗಂಟಲು, ತಾವು ನಿಲ್ಲೋ ಸ್ಟೇಜು, ಇವೆರಡನ್ನ ನೋಡಿ ಆರಿಸ್ಬೇಕು ಅಂತ ನನ್ನ ಗಟ್ಟಿ ಅನಿಸಿಕೆ.

ನಮ್ಮ ಪದ್ಧತಿ ಸುಮ್ನೆ ಬಂದದ್ದಲ್ಲ, ಅದಕ್ಕೂ ಕಾರಣ ಇದೆ. ಹಳೇ ಮೈಕ್ ಸೆಟ್ಟಿನ ಆಂಪ್ಲಿಫೈಯರ್‌ಗಳಲ್ಲಿ ಎಕ್ಸ್‌ಎಲ್‌ಆರ್ ಸಾಕೆಟ್ಟೇ ಇರ್ತಿರ್ಲಿಲ್ಲ, ಎಲ್ಲಾ ಪಿ-38 ಅನ್ನೋ ದಪ್ಪ ಒಂಟಿ ಪಿನ್ನು, ಹೈ ಇಂಪಿಡೆನ್ಸ್ (ವಿದ್ಯುತ್ ತಡೆ ಜಾಸ್ತಿ ಇರೋ) ಮೈಕು. ಹೊರಗಿನ ಮೈಕ್ ತಂದ್ರೂ ಅದಕ್ಕೆ ಹೊಂದ್ತಿರ್ಲಿಲ್ಲ. ಆಮೇಲೆ ಅದೇ ಒಂದು ಮೈಕಲ್ಲಿ ಪ್ರಾರ್ಥನೆ, ಸ್ವಾಗತ ಭಾಷಣ, ಮುಖ್ಯ ಅತಿಥಿಗಳ ಮಾತು, ಹಾಡು, ವಂದನಾರ್ಪಣೆ ಎಲ್ಲಾ ಆಗ್ಬೇಕು, ಕೈಯಿಂದ ಕೈಗೆ ಹೋಗ್ಬೇಕು, ಅದಕ್ಕೇ ಸ್ವಿಚ್ ಇರೋ ಮೈಕೇ ಬೇಕು ನಮಗೆ. ಇಲ್ಲಿ ಸ್ಟೇಜ್ ಮೇಲೆ ಸ್ವಿಚ್ ಇಲ್ಲದ್ದೇ ಜಾಸ್ತಿ, ಯಾಕಂದ್ರೆ ಮ್ಯೂಟ್ ಮಾಡೋದು ಸೌಂಡ್ ಮಿಕ್ಸರ್ ಮುಂದೆ ಕೂತೋನ ಕೆಲಸ, ಹಾಡ್ತಾ ಹಾಡ್ತಾ ಬೆರಳು ತಾಗಿ ಆಫ್ ಆಗೋ ಗೋಳೂ ಇಲ್ಲ. ನಮ್ಮ ಮೈಕ್ ಸೆಟ್ಟಿನೋರ ಕೈಚಳಕದ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಮರದ ಕೆಳಗೆ, ಜನರೇಟರ್ ಪಕ್ಕ, ಸಿಕ್ಕಿದ ಕರೆಂಟಲ್ಲಿ, ಚರಣ ಬಂದ ಕೂಡ್ಲೇ ಎಕೋ ಒಂಚೂರು ಏರ್ಸಿ, ಮಾತು ಬಂದ ಕೂಡ್ಲೇ ಇಳಿಸೋ ಕೈ ಇದ್ಯಲ್ಲ, ಅದು ಇಲ್ಲಿ ಎಷ್ಟೋ ಜನರಿಗೆ ಬರಲ್ಲ. ಆದ್ರೆ ಸಪ್ಪೆ ಮೈಕಿನ ಮೇಲೆ ಎಕೋ ಸುರಿದ್ರೆ ಸಾಹಿತ್ಯ ಕರಗಿ ಹೋಗುತ್ತೆ, ಹಿಂದಿನ ಸಾಲಲ್ಲಿ ಕೂತೋರಿಗೆ ರಾಗ ಕೇಳುತ್ತೆ, ಪದ ಕೇಳಲ್ಲ.

ಈಗ ಕಾಲ ಬದಲಾಗಿದೆ, ಸಣ್ಣ ಊರುಗಳಲ್ಲೂ ಎಕ್ಸ್‌ಎಲ್‌ಆರ್ ಇರೋ ಮಿಕ್ಸರ್ ಬಂದಿದೆ. ಸ್ವಂತ ಮೈಕ್ ತರೋಕೆ ಇದ್ದ ದೊಡ್ಡ ಅಡ್ಡಿ ಹೋಯ್ತು, ಅಭ್ಯಾಸ ಮಾತ್ರ ಹಾಗೇ ಉಳಿದಿದೆ.

ಸರಿ, ಯಾವ ಮೈಕು? ಎಲ್ಲರೂ ಮೊದಲು ಹೇಳೋ ಹೆಸರು ಶ್ಯೂರ್ ಎಸ್‌ಎಂ58. ಆ ಕಂಪನಿ 1925ರಲ್ಲಿ ಇದೇ ಶಿಕಾಗೋದಲ್ಲಿ ರೇಡಿಯೋ ಬಿಡಿಭಾಗ ಮಾರ್ತಾ ಶುರುವಾದದ್ದು, ಈಗ ಅದರ ಮುಖ್ಯ ಕಚೇರಿ ಪಕ್ಕದ ನೈಲ್ಸ್ ಊರಲ್ಲಿದೆ. ಎಸ್‌ಎಂ58 ಬಂದದ್ದು 1966ರಲ್ಲಿ, ಸ್ಟುಡಿಯೋಗಳಿಗೆ ಅಂತ ಮಾಡಿದ್ದು ಸ್ಟೇಜಿನ ಮೈಕ್ ಆಗಿ ಪ್ರಪಂಚಾನೇ ಸುತ್ತಿಬಿಡ್ತು. ಡೈನಮಿಕ್ ಮೈಕು, ಅಂದ್ರೆ ಹೊರಗಿನ ಕರೆಂಟ್ ಬೇಡದ್ದು, ಕಾರ್ಡಿಯಾಯ್ಡ್ ಪ್ಯಾಟರ್ನು (ಅದೇನು ಅಂತ ಮುಂದೆ ಹೇಳ್ತೀನಿ), ತೂಕ 298 ಗ್ರಾಂ, 50ರಿಂದ 15,000 ಹರ್ಟ್ಸ್ ತನಕ ಹಿಡಿಯುತ್ತೆ, ಒಳಗೆ ದನಿ ಹಿಡಿಯೋ ಭಾಗಕ್ಕೆ, ಅಂದ್ರೆ ಕ್ಯಾಪ್ಸೂಲಿಗೆ, ಅಲುಗಾಟ ತಡೆಯೋ ಶಾಕ್ ಮೌಂಟ್ ಇರೋದ್ರಿಂದ ಕೈ ಬದಲಾಯಿಸಿದಾಗ ಡಬಡಬ ಸದ್ದು ಕಮ್ಮಿ. ಬೀಳ್ಸಿದ್ರೂ ಬೇಗ ಕೆಡಲ್ಲ. ಇಲ್ಲಿ ನೂರು ಡಾಲರ್ ಆಸುಪಾಸು. ಮೊದಲ ಮೈಕ್ ಆಗಿ ಕಣ್ಣು ಮುಚ್ಕೊಂಡು ತಗೋಬಹುದು ಅಂತ ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೀನಿ, ಆದ್ರೆ ಎಲ್ಲಾ ಗಂಟಲಿಗೂ ಅದೇ ಸರಿ ಅಂತ ಮಾತ್ರ ಹೇಳಲ್ಲ.

ಮೊದಲು ನೋಡ್ಬೇಕಾದ್ದು ಪ್ಯಾಟರ್ನ್, ಅಂದ್ರೆ ಮೈಕು ಯಾವ ದಿಕ್ಕಿನ ಸದ್ದು ಎಷ್ಟು ಹಿಡಿಯುತ್ತೆ ಅನ್ನೋದು. ಬ್ರಾಂಡಿಗಿಂತ ಇದೇ ಮುಖ್ಯ, ನಮ್ಮೋರು ಕೇಳೋದೇ ಇಲ್ಲ ಇದನ್ನ. ಕಾರ್ಡಿಯಾಯ್ಡ್ ಅಂದ್ರೆ ಮುಂದಿಂದ ಚೆನ್ನಾಗಿ ಕೇಳಿಸ್ಕೊಳ್ಳುತ್ತೆ, ಪಕ್ಕದಿಂದ ಕಮ್ಮಿ, ಸರಿಯಾಗಿ ಬೆನ್ನ ಹಿಂದಿಂದ ತೀರಾ ಕಮ್ಮಿ. ಸೂಪರ್‌ಕಾರ್ಡಿಯಾಯ್ಡ್ ಅಂದ್ರೆ ಮುಂದಿನ ಕಿಂಡಿ ಇನ್ನೂ ಕಿರಿದು, ಪಕ್ಕದ ಸದ್ದು ಇನ್ನೂ ಕಮ್ಮಿ, ಆದ್ರೆ ಬೆನ್ನ ಹಿಂದಿಂದ ಒಂಚೂರು ಕೇಳಿಸ್ಕೊಳ್ಳುತ್ತೆ, ಅದರ ಕಿವುಡು ಜಾಗ ಇರೋದು ಮುಂಭಾಗದಿಂದ ಸುಮಾರು 126 ಡಿಗ್ರಿಯಲ್ಲಿ, ಎರಡೂ ಕಡೆ. ಇದು ಪುಸ್ತಕದ ಲೆಕ್ಕ ಅನ್ಸಬಹುದು, ಸ್ಟೇಜ್ ಮೇಲೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೋಗಿ ಕೀಂಯ್ ಅಂತ ಕೂಗೋದಕ್ಕೂ ಕೂಗದೇ ಇರೋದಕ್ಕೂ ಇದೇ ಕಾರಣ. ನಮ್ಮ ಬ್ಯಾಂಡಲ್ಲಿ ಹಾಡೋ ಹುಡುಗಿ ಮೈಸೂರಿನೋಳು, ಮೆತ್ತನೆ ದನಿ, ಶ್ಯೂರ್ ಬೀಟಾ 58ಎ ಹಿಡಿತಾಳೆ, ಅದು ಸೂಪರ್‌ಕಾರ್ಡಿಯಾಯ್ಡ್. ಇಲ್ಲಿನ ಒಂದು ಹೈಸ್ಕೂಲ್ ಆಡಿಟೋರಿಯಂನಲ್ಲಿ ಕನ್ನಡ ಕೂಟದ ಕಾರ್ಯಕ್ರಮ, ಸೌಂಡ್‌ಚೆಕ್ ಹೊತ್ತಲ್ಲಿ ಮಾನಿಟರ್ ಬಾಕ್ಸನ್ನ (ಹಾಡೋರಿಗೆ ತಮ್ಮ ದನಿ ಕೇಳ್ಲಿ ಅಂತ ಇಡೋ ಸ್ಪೀಕರ್) ಅವಳ ಕಾಲ ಮುಂದೆ ನೆಟ್ಟಗೆ ಇಟ್ಟಿದ್ರು, ವಾಲ್ಯೂಂ ಒಂಚೂರು ಏರ್ಸಿದ್ರೆ ಸಾಕು ಕೂಗ್ತಿತ್ತು. ಅಲ್ಲಿದ್ದೋರು ಮೈಕೇ ಸರಿ ಇಲ್ಲ ಬದಲಾಯಿಸಿ ಅಂತಿದ್ರು. ಅವಳು "ಅಣ್ಣಾ, ಮೈಕ್ ಬೇಡ, ಬಾಕ್ಸ್ ಸ್ವಲ್ಪ ಎಡಕ್ಕೆ ಸರಿಸಿ, ಇನ್ನೂ ಸ್ವಲ್ಪ, ಹಾಂ ಅಲ್ಲೇ ಬಿಡಿ" ಅಂದ್ಲು. ಅಷ್ಟೇ ನೋಡಿ, ಅದೇ ಮೈಕು, ಅದೇ ಬಾಕ್ಸು, ಅದೇ ವಾಲ್ಯೂಮು, ಕೂಗು ನಿಂತೋಯ್ತು. ಮೈಕ್ ಅವಳದ್ದಾಗಿದ್ದಕ್ಕೆ ಅದರ ಕಿವುಡು ಜಾಗ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ಪ್ರತಿ ಕಾರ್ಯಕ್ರಮಕ್ಕೂ ಬೇರೆ ಬೇರೆ ಮೈಕ್ ಹಿಡಿಯೋರಿಗೆ ಇದು ಗೊತ್ತಾಗೋದಾದ್ರೂ ಹೇಗೆ?

ಎರಡನೇದು ದೂರ. ನಮ್ಮಲ್ಲಿ ಸುಗಮ ಸಂಗೀತದಿಂದ ಬಂದೋರು ಮೈಕಿಂದ ಒಂದು ಗೇಣು ದೂರ ನಿಂತು ಹಾಡ್ತಾರೆ, ಅದು ಚೆಂದದ ಶಿಸ್ತು, ತಬಲಾ ಹಾರ್ಮೋನಿಯಂ ಜೊತೆ ಅದೇ ಸರಿ. ಇಲ್ಲಿನೋರು ಬಹುತೇಕ ತುಟಿ ತಾಗ್ಸೇ ಹಾಡ್ತಾರೆ. ಹಿಂದೆ ಡ್ರಮ್ ಸೆಟ್ ಇದ್ದಾಗ ಲೆಕ್ಕನೇ ಬೇರೆ ಆಗುತ್ತೆ. ದೂರ ಎರಡರಷ್ಟಾದ್ರೆ ಮೈಕಿಗೆ ಸಿಗೋ ದನಿ ಸುಮಾರು 6 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಯುತ್ತೆ, 2 ಇಂಚಲ್ಲಿದ್ದ ಮೈಕು 8 ಇಂಚಿಗೆ ಹೋಯ್ತು ಅಂದ್ರೆ 12 ಡಿಬಿ ಹೋಯ್ತು, ಅದನ್ನ ಮಿಕ್ಸರ್‌ನಲ್ಲಿ ಏರಿಸಿದ್ರೆ ಅದರ ಜೊತೆ ಸಿಂಬಲ್ಲು, ಗಿಟಾರ್ ಆಂಪು, ಮಾನಿಟರ್ ಎಲ್ಲಾ ಏರುತ್ತೆ. ಹಾಗಂತ ಎಲ್ಲರೂ ತುಟಿ ತಾಗಿಸ್ಬೇಕು ಅಂತ ನಾನು ಹೇಳಲ್ಲ, ತೀರಾ ಹತ್ರ ಬಂದ್ರೆ ಈ ಮೈಕುಗಳಲ್ಲಿ ಬೇಸ್ ಉಬ್ಬುತ್ತೆ, ಗಂಡು ದನಿ ಮಡಕೆಯೊಳಗಿಂದ ಬಂದಂಗೆ ಆಗುತ್ತೆ, ಸಣ್ಣ ದನಿಗೆ ಮಾತ್ರ ಅದೇ ಒಂಚೂರು ಮೈ ತುಂಬಿಸುತ್ತೆ. ಎರಡು ಬೆರಳಷ್ಟು ಜಾಗ ಬಿಟ್ಟು ಹಾಡೋ ಅಭ್ಯಾಸ ಬ್ಯಾಂಡಿಗೆ ಒಳ್ಳೇದು, ಜೋರು ಸ್ವರ ಬಂದಾಗ ಕೈ ಹಿಂದಕ್ಕೆ ಹೋಗ್ಲಿ. ಆಡಿಕ್ಸ್ ಓಎಂ7 ಅಂತ ಒಂದಿದೆ, ಹೈಪರ್‌ಕಾರ್ಡಿಯಾಯ್ಡು, ಅಂದ್ರೆ ಮುಂದಿನ ಕಿಂಡಿ ಇನ್ನೂ ಕಿರಿದು, ಔಟ್‌ಪುಟ್ಟೇ ಕಮ್ಮಿ ಇಟ್ಟು ಮಾಡಿರೋದು, ಗಲಾಟೆ ಸ್ಟೇಜಲ್ಲಿ ಅದಕ್ಕೆ ಸಾಟಿ ಇಲ್ಲ, ಆದ್ರೆ ಗೇಣು ದೂರ ನಿಲ್ಲೋರ ಕೈಗೆ ಕೊಟ್ರೆ ದನಿನೇ ಬರಲ್ಲ.

ಇನ್ನು ನಮ್ಮ ಭಾಷೆಯ ಅಕ್ಷರಗಳು. ಇದನ್ನ ಇಲ್ಲಿನ ಯಾವ ಅಂಗಡಿಯವನೂ ಹೇಳಿಕೊಡಲ್ಲ. ಭ, ಫ, ಧ, ಖ ಅಂತ ಉಸಿರು ಹೊಡೆಯೋ ಅಕ್ಷರ ನಮ್ಮ ಭಾವಗೀತೆ, ಭಕ್ತಿಗೀತೆಗಳಲ್ಲಿ ಎಷ್ಟಿವೆ ನೋಡಿ, ಅದ್ರಲ್ಲೂ ತುಟಿ ಸೇರಿಸಿ ಬಿಡೋ ಪ, ಭ ಬಂದಾಗ ಮೈಕ್ ಧಡ್ ಅನ್ನುತ್ತೆ. ಇನ್ನೊಂದು ಕಡೆ ಸ, ಶ, ಷ. ಗಾಯನದ ಮೈಕುಗಳಲ್ಲಿ ಪದ ಸ್ಪಷ್ಟ ಕೇಳಲಿ ಅಂತ ಮೇಲಿನ ಕಂಪನಾಂಕಗಳನ್ನ ಬೇಕಂತಲೇ ಸ್ವಲ್ಪ ಎತ್ತಿರ್ತಾರೆ, ಅದು ಕೆಲವರ ಶ-ಕಾರವನ್ನ ಕಿವಿಗೆ ಚುಚ್ಚೋ ಹಾಗೆ ಮಾಡುತ್ತೆ. ಆದ್ರಿಂದ ಅಂಗಡಿಯಲ್ಲಿ ಹಲೋ ಮೈಕ್ ಟೆಸ್ಟಿಂಗ್ ಒನ್ ಟೂ ತ್ರೀ ಅಂತ ನೋಡಿ ತಗೋಬೇಡಿ, ನೀವು ಹಾಡೋ ಹಾಡಿನ ಅತಿ ಕೆಳಗಿನ ಸಾಲು, ಅತಿ ಮೇಲಿನ ಸಾಲು, ಮಹಾಪ್ರಾಣ ಇರೋ ಒಂದು ಸಾಲು ಹಾಡಿ ನೋಡಿ. ಎಸ್‌ಎಂ58, ಸೆನ್‌ಹೈಸರ್ ಇ835, ಇ935, ಈ ಮೂರನ್ನೂ ಪಕ್ಕ ಪಕ್ಕ ಇಟ್ಟು ಒಂದೇ ಸಾಲು ಹಾಡಿದ್ರೆ ಮೂರೂ ಕಾರ್ಡಿಯಾಯ್ಡೇ ಆದ್ರೂ ನಿಮ್ಮ ದನಿ ಮೂರು ಥರ ಕೇಳುತ್ತೆ. ನನ್ನ ಕಿವಿಗೆ ಹೆಣ್ಣುದನಿಗೆ ಇ935 ಚೆನ್ನಾಗಿ ಹೊಂದುತ್ತೆ, ಪದ ಬಿಡಿಬಿಡಿಯಾಗಿ ಬರುತ್ತೆ. ಇಲ್ಲಿ ದೊಡ್ಡ ಮ್ಯೂಸಿಕ್ ಅಂಗಡಿಗಳಲ್ಲಿ ಕೇಳಿದ್ರೆ ಹಾಡಿ ನೋಡೋಕೆ ಬಿಡ್ತಾರೆ, ಊರಲ್ಲಿ ಡಬ್ಬ ಬಿಚ್ಚೋಕೂ ಬಿಡದ ಅಂಗಡಿ ನೋಡಿದ್ದೀನಿ. ಅಂಥ ಕಡೆ ಗೆಳೆಯರದ್ದು ಇಸ್ಕೊಂಡು ಒಂದು ಪ್ರಾಕ್ಟೀಸ್‌ನಲ್ಲಿ ಹಾಡಿ ನೋಡೋದೇ ದಾರಿ.

ದುಡ್ಡಿದ್ರೆ ಒಳ್ಳೇದು ಬರುತ್ತೆ ಅನ್ನೋ ಮಾತು ಇಲ್ಲಿ ಪೂರ್ತಿ ನಿಜ ಅಲ್ಲ. ನಾಯ್ಮನ್ ಕೆಎಂಎಸ್105 ಕಂಡೆನ್ಸರ್ ಮೈಕು, ಬೆಲೆ ಎಸ್‌ಎಂ58ಗಿಂತ ಹಲವು ಪಟ್ಟು, ದನಿಯ ನವಿರು ಎಲ್ಲಾ ಹಿಡಿಯುತ್ತೆ, ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್ಲಲ್ಲೇ ಬರೋ ಕರೆಂಟು) ಬೇಕು. ಕೀಬೋರ್ಡು, ಕೊಳಲು, ಅಕೌಸ್ಟಿಕ್ ಗಿಟಾರ್ ಇರೋ ಶಾಂತ ಸ್ಟೇಜಿಗೆ ಅದ್ಭುತ. ಆದ್ರೆ ಚಿಕ್ಕ ಸ್ಟೇಜು, ಹಾಡೋರ ಬೆನ್ನ ಹಿಂದೆ ಆರು ಅಡಿಯಲ್ಲಿ ಡ್ರಮ್ ಸೆಟ್ಟು ಅಂದ್ರೆ ಆ ಸಿಂಬಲ್ ಸದ್ದು ನಿಮ್ಮ ಬಾಯಿ ಇರೋ ದಿಕ್ಕಿಂದಾನೇ ಬಂದು ಮೈಕಿಗೆ ಬೀಳುತ್ತೆ, ಅದನ್ನೂ ಅಷ್ಟೇ ನವಿರಾಗಿ ಹಿಡ್ಕೊಂಡು ಜನರಿಗೆ ಕೊಡುತ್ತೆ. ಅಲ್ಲಿ ನೂರು ಡಾಲರಿನ ಡೈನಮಿಕ್ಕೇ ಮೇಲು.

ಮೈಕಿನ ಜಾಲರಿ ಮುಚ್ಚಿ ಹಿಡಿಯೋ ಸ್ಟೈಲ್ ಬಗ್ಗೆ ಒಂದು ಮಾತು. ನಮ್ಮ ಹುಡುಗರು ರ‍್ಯಾಪ್ ವಿಡಿಯೋ ನೋಡಿ ಹಾಗೆ ಹಿಡಿತಾರೆ. ಈ ಶಿಕಾಗೋದಲ್ಲೇ 1950ರ ದಶಕದಲ್ಲಿ ಲಿಟಲ್ ವಾಲ್ಟರ್ ಅನ್ನೋ ಬ್ಲೂಸ್ ಕಲಾವಿದ ಹಾರ್ಮೋನಿಕಾ ಮತ್ತೆ ಮೈಕ್ ಎರಡನ್ನೂ ಕೈಯೊಳಗೆ ಮುಚ್ಚಿ, ಆಂಪ್ಲಿಫೈಯರ್‌ಗೆ ಕೊಟ್ಟು ಆ ಒಡೆದ ಗಡಸು ನಾದನ ಬೇಕಂತಲೇ ತೆಗೆದ. ಇವತ್ತಿಗೂ ಇಲ್ಲಿ ಹಾರ್ಮೋನಿಕಾದೋರು ಅದಕ್ಕೇ ಅಂತ ಮುಷ್ಟಿಯಲ್ಲಿ ಹಿಡಿಯೋ ಗುಂಡಗಿನ ಬುಲೆಟ್ ಮೈಕ್ ತರ್ತಾರೆ. ಅವರಿಗೆ ಬೇಕಾದ್ದು ಆ ಒಡಕು. ಹಾಡೋರು ಹಾಗೆ ಜಾಲರಿ ಮುಚ್ಚಿದ್ರೆ ಹಿಂದಿನ ಗಾಳಿ ಕಿಂಡಿ ಮುಚ್ಚಿಹೋಗಿ ಕಾರ್ಡಿಯಾಯ್ಡ್ ಅನ್ನೋದೇ ಉಳಿಯಲ್ಲ, ಎಲ್ಲಾ ದಿಕ್ಕಿಂದ್ಲೂ ಕೇಳಿಸ್ಕೊಳ್ಳೋಕೆ ಶುರು ಮಾಡುತ್ತೆ, ಕೂಗುತ್ತೆ, ಪದ ಗೊಜ್ಜಾಗುತ್ತೆ.

ಕಾರ್ಡ್‌ಲೆಸ್ ಬಗ್ಗೆ ನನ್ನ ಅಭಿಪ್ರಾಯ ಬಹಳ ಜನಕ್ಕೆ ಹಿಡಿಸಲ್ಲ. ಅದೇ ದುಡ್ಡಲ್ಲಿ ವೈರ್ ಮೈಕ್ ಯಾವತ್ತೂ ಮೇಲು, ಮಧ್ಯದಲ್ಲಿ ದನಿ ಕಟ್ ಆಗಲ್ಲ, ಬ್ಯಾಟರಿ ಚಿಂತೆ ಇಲ್ಲ. ಓಡಾಡ್ತಾ ಜನರ ಮಧ್ಯೆ ಹೋಗಿ ಹಾಡೋರಿಗೆ ಬೇಕೇ ಬೇಕು, ನಿಂತು ಹಾಡೋರಿಗೆ ಯಾಕೆ? ಊರಿಂದ ಕಾರ್ಡ್‌ಲೆಸ್ ಸೆಟ್ ತಂದು ಅಮೆರಿಕದಲ್ಲಿ ಬಳಸೋರು ಇನ್ನೊಂದು ತಿಳ್ಕೋಬೇಕು, ಇಲ್ಲಿ 2020ರ ಜುಲೈನಿಂದ 617ರಿಂದ 652 ಮತ್ತೆ 663ರಿಂದ 698 ಮೆಗಾಹರ್ಟ್ಸ್‌ನಲ್ಲಿ ವೈರ್‌ಲೆಸ್ ಮೈಕ್ ಬಳಸೋ ಹಾಗಿಲ್ಲ, ಆ ತರಂಗಾಂತರ ಮೊಬೈಲ್ ಕಂಪನಿಗಳಿಗೆ ಹೋಗಿದೆ. ಸೆಟ್ ಹಿಂದಿರೋ ನಂಬರ್ ನೋಡಿ.

ಊರಲ್ಲಿ ಕೊಳ್ಳೋರಿಗೆ ನಕಲಿಯದ್ದೇ ದೊಡ್ಡ ಕಾಟ. ಎಸ್‌ಎಂ58ನಷ್ಟು ನಕಲಾಗಿರೋ ಮೈಕ್ ಇನ್ನೊಂದಿರ್ಲಿಕ್ಕಿಲ್ಲ, ಡಬ್ಬ, ಪೌಚು, ಸ್ಟಿಕರ್ ಎಲ್ಲಾ ಹಾಗೇ ಇರುತ್ತೆ. ಸಾವಿರ ಚಿಲ್ಲರೆ ರೂಪಾಯಿಗೆ ಕೊಡ್ತೀನಿ ಅಂದ್ರೆ ಅಸಲಿ ಅಲ್ಲ ಅಂತಲೇ ತಿಳ್ಕೊಳ್ಳಿ. ತೂಕದ ತಕ್ಕಡಿ ಮೇಲಿಟ್ಟು ನೋಡಿ, 298 ಗ್ರಾಂ ಹತ್ರ ಬರದಿದ್ರೆ ಬಿಟ್ಟುಬಿಡಿ, ಬಂದ್ರೂ ಅಧಿಕೃತ ಡೀಲರ್ ಬಿಲ್ ಇಲ್ಲದೆ ತಗೋಬೇಡಿ. ಆ ದುಡ್ಡಿಗೆ ನಕಲಿ ಶ್ಯೂರ್‌ಗಿಂತ ಅಸಲಿ ಅಹುಜಾ ಸಾವಿರ ಪಾಲು ಮೇಲು, ನಾಚಿಕೆ ಪಡೋ ವಿಷಯನೇ ಅಲ್ಲ ಅದು.

ಸ್ವಂತ ಮೈಕ್ ಅಂದ್ರೆ ಶುಚಿಯ ಮಾತೂ ಬರುತ್ತೆ. ಎಸ್‌ಎಂ58ರ ಜಾಲರಿ ತಿರುಗಿಸಿದ್ರೆ ಬಿಚ್ಚಿಕೊಳ್ಳುತ್ತೆ, ಅದನ್ನ ಮಾತ್ರ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ, ಕ್ಯಾಪ್ಸೂಲಿಗೆ ನೀರು ತಾಗಬಾರದು. ಹತ್ತು ಜನರ ಉಸಿರು ಕೂತಿರೋ ಮೈಕನ್ನ ತುಟಿಗೆ ತಾಗಿಸ್ಕೊಂಡು ಹಾಡಿ ಅಂತ ಯಾರಿಗಾದ್ರೂ ಹೇಗೆ ಹೇಳೋದು?

ಊರಿನ ಕಾರ್ಯಕ್ರಮಕ್ಕೆ ಸ್ವಂತ ಮೈಕ್ ತಗೊಂಡು ಹೋಗೋರು ಒಂದು ಎಕ್ಸ್‌ಎಲ್‌ಆರ್ ಕೇಬಲ್ಲು, ಪಿ-38 ಸಾಕೆಟ್ಟೇ ಇದ್ರೆ ಇರ್ಲಿ ಅಂತ ಎಕ್ಸ್‌ಎಲ್‌ಆರ್ ಮೈಕನ್ನ ಅದಕ್ಕೆ ಹೊಂದಿಸೋ ಒಂದು ಲೈನ್ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ರು, ಎರಡೂ ಬ್ಯಾಗಲ್ಲಿಟ್ಕೊಳ್ಳಿ. ಕಾರ್ಯಕ್ರಮ ಶುರುವಾಗೋಕೆ ಒಂದು ಗಂಟೆ ಮುಂಚೆ ಹೋಗಿ ಮೈಕ್ ಸೆಟ್ಟಿನ ಯಜಮಾನ್ರನ್ನ ಕಂಡು, ಇದು ನನ್ನ ದನಿಗೆ ಹೊಂದ್ಕೊಂಡಿರೋದು, ಒಂದು ಚಾನೆಲ್ ಕೊಡ್ತೀರಾ ಸಾರ್ ಅಂತ ಮರ್ಯಾದೆಯಿಂದ ಕೇಳಿ, ಗೇನ್, ಅಂದ್ರೆ ಮೈಕಿನ ದನಿ ಮಿಕ್ಸರ್‌ನಲ್ಲಿ ಎಷ್ಟು ಎತ್ತಬೇಕು, ಅಂತ ಹೇಳಿ, ಎಕೋ ಮಾತ್ರ ಅವರ ಕೈಗೇ ಬಿಡಿ.